ಓಬಕ್ಕ ಇಳಿಸದ ಕೈ

ಲೋಕಕ್ಕೆ ಇನ್ನೂ ಹಸಿಮಣ್ಣಿನ ವಾಸನೆ ಇದ್ದ ಕಾಲ ಅದು. ಗುಡ್ಡಗಳು ಆಗಷ್ಟೇ ಬಂದು ಕೂತಿದ್ದವು. ಹಳ್ಳಕ್ಕೆ ಯಾವ ಕಡೆ ಹರಿಯಬೇಕು ಅಂತ ಸರಿಯಾಗಿ ಗೊತ್ತಿರಲಿಲ್ಲ, ಒಂದು ದಿನ ಇತ್ತ ಬಂದರೆ ಇನ್ನೊಂದು ದಿನ ಅತ್ತ ಹೋಗುತ್ತಿತ್ತು. ಗಾಳಿ ಎಲ್ಲರ ಮನೆ ಸುದ್ದಿಯನ್ನೂ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿತ್ತು. ಆ ಚಾಳಿ ಅದಕ್ಕೆ ಈಗಲೂ ಪೂರ್ತಿ ಬಿಟ್ಟಿಲ್ಲ.

ಆಗ ಯಾರಿಗೂ ಯಾರ ಭಯವೂ ಇರಲಿಲ್ಲ. ನರಿಗಂತೂ ಮನುಷ್ಯರೆಂದರೆ ಲೆಕ್ಕಕ್ಕೇ ಇಲ್ಲ. ದಾರಿಯಲ್ಲಿ ಎದುರಾದರೆ "ಸ್ವಲ್ಪ ಸರೀರಿ" ಅಂದು ಪಕ್ಕದಲ್ಲೇ ನಡೆದುಹೋಗುತ್ತಿತ್ತು.

ಕಲ್ಲುಗುಡ್ಡದ ಕೆಳಗೆ ಆಗ ಒಂದು ಹೊಸ ಹಟ್ಟಿ ಎದ್ದಿತು. ಹಟ್ಟಿಗೆ ಹಿರಿಯ ಬೊಮ್ಮಜ್ಜ. ಮೊದಲ ರಾಗಿ ಬೆಳೆ ಕೈಗೆ ಬಂದ ದಿನ ಅವನು ಎಲ್ಲರನ್ನೂ ಕೂರಿಸಿಕೊಂಡು ಹೇಳಿದ: "ಭೂಮಿತಾಯಿ ಕೊಟ್ಟಿದ್ದನ್ನ ನಾವೊಬ್ಬರೇ ಬಾಚಿಕೊಂಡು ತಿನ್ನಬಾರದು. ಮೊದಲ ತುತ್ತು ಹೊಸ್ತಿಲ ಆಚೆ ಇಡೋಣ. ಯಾರು ಬಂದು ತಿಂದರೂ ಸರಿ."

ಒಳ್ಳೆ ಮಾತೇ. ಅವತ್ತಿನಿಂದ ಮನೆಮನೆಯಲ್ಲೂ ಮುದ್ದೆ ಕಟ್ಟಿದ ಕೂಡಲೇ ಒಂದು ತುತ್ತು ಮುರಿದು ಹೊಸ್ತಿಲ ಆಚೆ ಕಲ್ಲಿನ ಮೇಲೆ ಇಡೋರು. ಕಾಗೆ ಬಂತು, ಅಳಿಲು ಬಂತು, ಇರುವೆ ಸಾಲುಗಟ್ಟಿ ಬಂತು. ಎಲ್ಲರ ಹೊಟ್ಟೆಯೂ ತಣ್ಣಗಾಯಿತು.

ಹಟ್ಟಿಯ ಕೊನೆ ಮನೆ ಓಬಕ್ಕನದು. ಅವಳ ಹಿತ್ತಿಲು ದಾಟಿದರೆ ರಾಗಿ ಹೊಲ, ಹೊಲದ ಬದು ದಾಟಿದರೆ ಗುಡ್ಡ. ಓಬಕ್ಕ ಗಟ್ಟಿ ಹೆಂಗಸು. ಮಾಡ್ತೀನಿ ಅಂದರೆ ಮಾಡಿಯೇ ತೀರೋಳು. ಆದರೆ ಎಳೆಯ ಜೀವ ಕಂಡರೆ ಮಾತ್ರ, ಅದು ಕುರಿಮರಿಯಾಗಲಿ, ಕೋಳಿಮರಿಯಾಗಲಿ, ಪಕ್ಕದ ಮನೆ ಗಿರಿಯಮ್ಮನ ಮಗಳು ಚೌಡಿಯಾಗಲಿ, ಕರಗಿ ನೀರಾಗಿಬಿಡೋಳು.

ಒಂದು ಸಂಜೆ ಅವಳು ತುತ್ತು ಹಿಡಿದು ಬಾಗಿಲಿಗೆ ಬಂದಾಗ ಅಲ್ಲೊಂದು ನರಿಮರಿ ನಿಂತಿತ್ತು. ಮೈಯೆಲ್ಲ ಕೆಂಚು ಕೂದಲು, ತಲೆಗಿಂತ ದೊಡ್ಡ ಕಿವಿ.

"ಯಾರ ಮಗನೋ ನೀನು?" ಅಂದಳು ಓಬಕ್ಕ.

"ಗುಡ್ಡದ ನರಿಯಮ್ಮನ ಮಗ. ಅಮ್ಮ ಏಡಿ ಹಿಡಿಯೋದು ಕಲಿಸ್ತಾಳೆ. ಏಡಿ ಮೂಗು ಕಚ್ಚುತ್ತೆ."

"ಹಾಗಾದರೆ ಇದನ್ನ ತಿನ್ನು. ಇದು ಕಚ್ಚಲ್ಲ."

ಕಲ್ಲಿನ ಮೇಲೆ ಇಡಬೇಕಾದ ತುತ್ತನ್ನು ಓಬಕ್ಕ ಅಂಗೈಯಲ್ಲೇ ಹಿಡಿದಳು. ಮರಿ ಮೂಸಿ ನೋಡಿತು, ತಿಂದಿತು, ಅಂಗೈಯನ್ನೂ ನೆಕ್ಕಿತು. ಆ ನಾಲಿಗೆಯ ಬಿಸಿಗೆ ಓಬಕ್ಕನಿಗೆ ಎಷ್ಟು ಖುಷಿಯಾಯಿತು ಅಂದರೆ, ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಅದಕ್ಕೇ ಕೊಟ್ಟಳು. ಕೆಂಚ ಅಂತ ಹೆಸರೂ ಇಟ್ಟಳು.

ಮರುದಿನ ಕೆಂಚ ಬಂದ. ಅದರ ಮರುದಿನವೂ ಬಂದ. ಯಾಕೆ ಬರೋದಿಲ್ಲ ಹೇಳಿ?

ಸುದ್ದಿ ಗಾಳಿಯ ಕಿವಿಗೆ ಬಿತ್ತು. ಅದರ ಕಿವಿಗೆ ಬಿದ್ದಮೇಲೆ ಕೇಳಬೇಕಾ? ಹಟ್ಟಿಯವರಿಗೆಲ್ಲ ಹೊಟ್ಟೆಕಿಚ್ಚು ಶುರುವಾಯಿತು. "ಅವಳ ಕೈಯಿಂದ ನರಿ ತಿಂತಂತೆ. ನಮ್ಮ ಕೈಯಲ್ಲಿ ಏನು ಮುಳ್ಳಿದೆಯಾ?" ನರಿ ತಿಂದ ಮನೆಗೆ ಪುಣ್ಯ ಜಾಸ್ತಿ ಅಂತ ಯಾರೋ ಅಂದರು. ಯಾರು ಅಂದರು ಅಂತ ಯಾರೂ ಕೇಳಲಿಲ್ಲ. ಒಬ್ಬರು ತುತ್ತಿಗೆ ಬೆಣ್ಣೆ ಹಚ್ಚಿದರು. ಇನ್ನೊಬ್ಬರು ಬೆಲ್ಲ ಇಟ್ಟರು. ಗಿರಿಯಮ್ಮ ಕೋಳಿಸಾರಿನಲ್ಲಿ ಅದ್ದಿಯೇ ಇಟ್ಟಳು. ಕೆಂಚನ ಅಣ್ಣತಮ್ಮಂದಿರೂ ಬಂದರು, ಅವರ ನೆಂಟರೂ ಬಂದರು. ಬೊಮ್ಮಜ್ಜ ಜಗಲಿಯಲ್ಲಿ ಕೂತು "ನೋಡ್ರಪ್ಪ, ನಮ್ಮ ಹಟ್ಟಿ ಎಂಥಾ ಹಟ್ಟಿ" ಅಂತ ಮೀಸೆ ತಿರುವಿದ.

ನರಿಗಳು ದಪ್ಪಗಾದವು. ಸಂಜೆ ಗುಡ್ಡದಿಂದ ಇಳಿಯುವುದು, ತಿನ್ನುವುದು, ಜಗಲಿಯ ಕೆಳಗೆ ಮಲಗುವುದು. ಇಷ್ಟೇ ಬದುಕು.

ಒಂದು ದಿನ ಹಳ್ಳ ಗೊಣಗಿತು. "ಓಬಕ್ಕ, ನಿನ್ನ ನರಿಗಳು ಏಡಿ ಹಿಡಿಯೋದೇ ಬಿಟ್ಟಿವೆ. ನನ್ನ ದಡದ ತುಂಬ ಏಡಿ ಬಿಲ. ನೀರು ನಿಲ್ಲೋದು ಹೇಗೆ?"

ಇನ್ನೊಂದು ದಿನ ರಾಗಿ ಹೊಲ ಅಂದಿತು, "ಓಬಕ್ಕ, ಇಲಿಗಳು ನನ್ನ ತೆನೆಯನ್ನೆಲ್ಲ ಕಡೀತಿವೆ. ಇಲಿ ಹಿಡಿಯೋರು ಎಲ್ಲಿ ಹೋದರು?"

ಓಬಕ್ಕ ಕೇಳಿಸಿಕೊಂಡಳು. ಕೇಳಿಸಿಕೊಂಡರೂ ಕೆಂಚ ಬಾಲ ಆಡಿಸಿಕೊಂಡು ಬಂದಾಗ ಮರೆತಳು.

ಕೆಂಚ ದೊಡ್ಡವನಾದ. ಹೆಂಡತಿ ಬಂದಳು, ಗುಡ್ಡದ ಬಂಡೆಗಳ ಸಂದಿನಲ್ಲಿ ಗವಿ ಮಾಡಿಕೊಂಡರು, ಮರಿಗಳಾದವು. ಮರಿಗಳ ಹೊಟ್ಟೆಗೆ ತುತ್ತು ಸಾಲದಾಯಿತು. ಆಗ ಒಬ್ಬರ ಹಿತ್ತಿಲಲ್ಲಿ ಕೋಳಿ ಕಾಣೆಯಾಯಿತು. ಇನ್ನೊಬ್ಬರ ಕೊಟ್ಟಿಗೆಯಲ್ಲಿ ಆಡುಮರಿ ಕಾಣೆಯಾಯಿತು. "ಹೋಗಲಿ ಬಿಡು" ಅಂದರು ಜನ. ಪುಣ್ಯದ ಆಸೆ ದೊಡ್ಡದು.

ಆಮೇಲೆ ಒಂದು ಮಧ್ಯಾಹ್ನ ಚೌಡಿ ಜಗಲಿಯ ಮೇಲೆ ಕೂತು ಮುದ್ದೆ ತಿನ್ನುತ್ತಿದ್ದಳು. ಪುಟ್ಟ ಕೈ, ಕೈಯಲ್ಲಿ ತುತ್ತು. ಕೆಂಚ ಬಂದ. ಕೈ ಕಂಡ, ತುತ್ತು ಕಂಡ, ಬಾಯಿ ಹಾಕಿದ. ಚೌಡಿ ಕೊಡೋದಿಲ್ಲ ಅಂತ ಬಿಗಿಯಾಗಿ ಹಿಡಿದಳು. ಹಲ್ಲು ತಾಗಿ ಕೈಯಲ್ಲಿ ರಕ್ತ ಬಂತು.

ಮಗು ಕಿರುಚಿದ್ದಕ್ಕೆ ಹಟ್ಟಿಯೇ ಓಡಿಬಂತು. ಗಿರಿಯಮ್ಮ ಮಗಳನ್ನು ಎತ್ತಿಕೊಂಡು ಸೆರಗು ಹರಿದು ಕೈಗೆ ಕಟ್ಟಿದಳು. ಕೆಂಚ ಸ್ವಲ್ಪ ದೂರದಲ್ಲಿ ಕೂತು, ಇದೆಲ್ಲ ಏನು ಗಲಾಟೆ ಅಂತ ನೋಡುತ್ತಿದ್ದ. ತಪ್ಪು ಮಾಡಿದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ, ಪಾಪ.

ಸಂಜೆ ಬೊಮ್ಮಜ್ಜ ಎಲ್ಲರನ್ನೂ ಕೂರಿಸಿಕೊಂಡ. ಮುಖ ಗಂಟಿಕ್ಕಿತ್ತು. "ಇವತ್ತು ಕೈ, ನಾಳೆ ಕತ್ತು. ಗವಿಯ ಬಾಯಿಗೆ ಜಾಲಿಮುಳ್ಳು ತುಂಬಿ ಹೊಗೆ ಹಾಕೋಣ. ಒಂದೂ ಉಳಿಯಬಾರದು."

ಎಲ್ಲರೂ ತಲೆಯಾಡಿಸಿದರು. ಮೊನ್ನೆ ಬೆಣ್ಣೆ ಹಚ್ಚಿದವರೂ ಆಡಿಸಿದರು.

ಓಬಕ್ಕ ಎದ್ದು ನಿಂತಳು. "ಅಜ್ಜ, ಕೈಯಿಂದ ತಿನ್ನೋದನ್ನ ಅವನಿಗೆ ಕಲಿಸಿದೋಳು ನಾನು. ಅವನು ಕಲಿತದ್ದನ್ನ ಮಾಡಿದ, ಅಷ್ಟೇ."

"ನಿನ್ನ ಪಾಠಕ್ಕೆ ನನ್ನ ಮಗಳ ಕೈ ಬೇಕಿತ್ತಾ?" ಅಂದಳು ಗಿರಿಯಮ್ಮ.

ಆ ಮಾತು ಓಬಕ್ಕನ ಎದೆಗೆ ನಾಟಿತು. ಬೊಮ್ಮಜ್ಜನ ಕಡೆ ತಿರುಗಿ ಹೇಳಿದಳು: "ಕಲಿಸಿದೋಳು ನಾನೇ, ಮರೆಸೋಳೂ ನಾನೇ. ಅಮಾವಾಸ್ಯೆವರೆಗೆ ಬಿಡು ಅಜ್ಜ. ಅಷ್ಟರಲ್ಲಿ ಅವನು ಹಟ್ಟಿಗೆ ಕಾಲಿಡದ ಹಾಗೆ ಮಾಡ್ತೀನಿ."

"ಆಗದಿದ್ದರೆ?"

"ಆಗದಿದ್ದರೆ ಮುಳ್ಳಿನ ಹೊರೆ ಗವಿವರೆಗೆ ನಾನೇ ಹೊರ್ತೀನಿ."

ಬೊಮ್ಮಜ್ಜ ಆಕಾಶ ನೋಡಿದ. ಹುಣ್ಣಿಮೆ ಮೊನ್ನೆಯಷ್ಟೇ ಕಳೆದಿತ್ತು, ಅಂಚು ಸವೆದ ಚಂದ್ರ ಆಗ ಏಳುತ್ತಿದ್ದ. "ಅಮಾವಾಸ್ಯೆ ಸಂಜೆವರೆಗೆ" ಅಂದ.

ಮರುದಿನ ಬೆಳಗ್ಗೆಯೇ ಓಬಕ್ಕ ಸೀರೆ ಎತ್ತಿಕಟ್ಟಿ ಹೊರಟಳು. ಮನೆಮನೆಗೂ ಹೋದಳು. "ತುತ್ತು ನೆಲದ ಮೇಲೆ ಇಡಬೇಡಿ. ಕಾಗೆಗೆ ಮನೆ ಮಾಡಿನ ಮೇಲಿಡಿ, ಇರುವೆಗೆ ಹಿಟ್ಟು ಉದುರಿಸಿ. ಕೋಳಿಯನ್ನ ಹೊತ್ತು ಮುಳುಗೋ ಮುಂಚೆ ಮುಚ್ಚಿ. ಉಳಿದದ್ದು ಬಳಿದದ್ದನ್ನ ತಿಪ್ಪೆಯಲ್ಲಿ ಹೂತು ಬೂದಿ ಹಾಕಿ."

"ಹೊಸ್ತಿಲ ತುತ್ತು ನಿಲ್ಲಿಸಿದರೆ ಪಾಪ ಬರಲ್ವಾ?" ಅಂದರು.

"ಹೊಗೆ ಹಾಕಿ ಮರಿಗಳನ್ನ ಸಾಯಿಸಿದರೆ ಬರೋದು ಏನು?" ಅಂದಳು ಓಬಕ್ಕ.

ಬೈಸಿಕೊಂಡಳು. ಬಾಗಿಲು ಮುಖಕ್ಕೇ ಹಾಕಿಸಿಕೊಂಡಳು. ಮತ್ತೆ ಹೋದಳು. ಅವಳ ಕಾಟ ತಾಳಲಾರದೇ ಒಬ್ಬೊಬ್ಬರಾಗಿ ಒಪ್ಪಿದರು. ಹಟ್ಟಿಯ ಕಲ್ಲುಗಳ ಮೇಲೆ ತುತ್ತು ಕಾಣೆಯಾಯಿತು.

ಆದರೂ ನರಿಗಳು ಬರುವುದು ನಿಲ್ಲಲಿಲ್ಲ. ಅದೂ ಬೊಮ್ಮಜ್ಜನ ಹಿತ್ತಿಲ ಕಡೆಯಿಂದಲೇ ಬರುತ್ತಿದ್ದವು. ಓಬಕ್ಕನಿಗೆ ಅನುಮಾನ ಬಂತು. ಒಂದು ಸಂಜೆ ಹುಲ್ಲಿನ ಮೆದೆಯ ಹಿಂದೆ ಕೂತು ಕಾದಳು. ಬೊಮ್ಮಜ್ಜ ಬೆಕ್ಕಿನ ಹಾಗೆ ಹೆಜ್ಜೆ ಇಟ್ಟು ಬಂದ. ಅತ್ತ ಇತ್ತ ನೋಡಿದ. ಪಂಚೆಯ ಮಡಿಲಿಂದ ಒಂದು ದೊಡ್ಡ ತುತ್ತು ತೆಗೆದು ಕಲ್ಲಿನ ಮೇಲಿಟ್ಟು ಕೈಮುಗಿದ.

"ಅಜ್ಜ."

ಬೊಮ್ಮಜ್ಜ ಬೆಚ್ಚಿಬಿದ್ದ. "ನಾನು... ಕಾಗೆಗೆ ಅಂತ..."

"ಈ ಹೊತ್ತಲ್ಲಿ ಕಾಗೆ ಎಲ್ಲಿದೆ ಅಜ್ಜ? ಒಂದು ಕೈಯಲ್ಲಿ ನೀನೇ ಕರೀತೀಯ, ಇನ್ನೊಂದು ಕೈಯಲ್ಲಿ ನೀನೇ ಮುಳ್ಳು ಹಿಡ್ಕೊಂಡು ಕೂತಿದ್ದೀಯ. ಅವು ಯಾವ ಕೈ ನೋಡಬೇಕು?"

ಮುದುಕನ ಮುಖ ಚಿಕ್ಕದಾಯಿತು. "ವಯಸ್ಸಾಯಿತು ಕಣವ್ವ. ಪುಣ್ಯ ತಪ್ಪಿಹೋದೀತು ಅಂತ ಹೆದರಿಕೆ" ಅಂದ. ಆಮೇಲೆ ತಾನೇ ಬಗ್ಗಿ ತುತ್ತು ಎತ್ತಿಕೊಂಡು, ಸ್ವಲ್ಪ ಯೋಚನೆ ಮಾಡಿ, ತಾನೇ ತಿಂದ.

ತುತ್ತು ಸಿಗದೆ ಬೇರೆ ನರಿಗಳು ಬರುವುದು ಬಿಟ್ಟವು, ಕೆಂಚ ಮಾತ್ರ ಬಿಡಲಿಲ್ಲ. ಇನ್ನು ಉಳಿದದ್ದು ಓಬಕ್ಕನದೇ ಕೆಲಸ. ಕಷ್ಟದ ಕೆಲಸ.

ಸಂಜೆ ಕೆಂಚ ಹಿತ್ತಿಲಿಗೆ ಬಂದಾಗ ಅವಳು ಎಡಗೈಯಲ್ಲಿ ಮೊರ, ಬಲಗೈಯಲ್ಲಿ ಕೋಲು ಹಿಡಿದು ನಿಂತಿದ್ದಳು. ಕೋಲಿನಿಂದ ಮೊರವನ್ನು ಪಟಪಟ ಬಡಿದಳು. "ಹೋಗೋ ಕೆಂಚ."

ಕೆಂಚನಿಗೆ ಹೊಸ ಆಟ ಅನ್ನಿಸಿತು. ಮುಂಗಾಲು ಚಾಚಿ, ಬಾಲ ಎತ್ತಿ, ಸುತ್ತ ಸುತ್ತ ಕುಣಿದ.

"ಆಟ ಅಲ್ಲ ಕಣೋ. ನೀನು ಇನ್ನು ಬರಬಾರದು. ಬಂದರೆ ಅಜ್ಜ ಗವಿಗೆ ಹೊಗೆ ಹಾಕ್ತಾನೆ."

"ಹೊಗೆ ಅಂದರೆ ಏನವ್ವ? ಅಡುಗೆ ಆಯ್ತಾ?" ಅಂದ ಕೆಂಚ.

ಓಬಕ್ಕ ಮಣ್ಣಹೆಂಟೆ ಎತ್ತಿ ಅವನ ಪಕ್ಕಕ್ಕೆ ಎಸೆದಳು. ಹೆಂಟೆ ಕಲ್ಲಿಗೆ ಬಡಿದು ಪುಡಿಯಾಯಿತು. ಕೆಂಚ ಬೆದರಿ ಓಡಿದ. ಹೊಲದ ನಡುವೆ ನಿಂತು, ಕತ್ತು ತಿರುಗಿಸಿ ನೋಡಿದ. ಅವನ ಮುಖ ಕಂಡಕೂಡಲೇ ಓಬಕ್ಕನ ಕೈ ತಾನಾಗಿ ಕೆಳಗಿಳಿಯಿತು. ಕೆಂಚ ಬಾಲ ಆಡಿಸಿಕೊಂಡು ವಾಪಸು ಬಂದ.

ಮರುದಿನವೂ ಹಾಗೆಯೇ ಆಯಿತು. ಅವಳು ಬಡಿದಳು, ಅವನು ಓಡಿದ, ನಿಂತು ನೋಡಿದ. ಕೈ ಇಳಿಯಿತು. ಅವನು ಬಂದ. ಅದರ ಮರುದಿನವೂ ಅಷ್ಟೇ. ಚಂದ್ರ ಸಣ್ಣಗಾಗುತ್ತಾ ಹೋದ. ಬೊಮ್ಮಜ್ಜನ ಅಂಗಳದಲ್ಲಿ ಜಾಲಿಮುಳ್ಳಿನ ಹೊರೆ ದೊಡ್ಡದಾಗುತ್ತಾ ಹೋಯಿತು.

ಓಬಕ್ಕ ಹಿತ್ತಿಲ ಕಲ್ಲಿನ ಮೇಲೆ ಕೂತು ಅತ್ತಳು. ಗಾಳಿ ಬಂದು ಪಕ್ಕದಲ್ಲಿ ಕೂತಿತು. ಅಪರೂಪಕ್ಕೆ ಅದು ಮೆತ್ತಗೆ ಮಾತಾಡಿತು.

"ಓಬಕ್ಕ, ನಾನು ಊರೆಲ್ಲ ನೋಡ್ತೀನಿ, ನಿನ್ನನ್ನೂ ನೋಡಿದೆ. ನಿನ್ನ ಬಾಯಿ ಹೋಗು ಅನ್ನುತ್ತೆ, ಕೈ ಬಾ ಅನ್ನುತ್ತೆ. ಅವನು ನಿನ್ನ ಬಾಯಿಂದ ಯಾವತ್ತಾದರೂ ತಿಂದಿದ್ದಾನಾ? ಕೈಯಿಂದ ತಿಂದೋನು ಅವನು. ಕೈಯನ್ನೇ ನಂಬ್ತಾನೆ."

"ಅವನು ಹಾಗೆ ನೋಡಿದರೆ ನನಗೆ ತಡಿಯೋಕಾಗಲ್ಲ" ಅಂದಳು ಓಬಕ್ಕ.

"ತಡೀಬೇಕು" ಅಂದಿತು ಗಾಳಿ. ಅಷ್ಟು ಹೇಳಿ ಎದ್ದು ಹೋಯಿತು.

ಅಮಾವಾಸ್ಯೆ ಸಂಜೆ ಬಂತು. ಬೊಮ್ಮಜ್ಜ ಮುಳ್ಳಿನ ಹೊರೆ ತರಿಸಿ ಓಬಕ್ಕನ ಹಿತ್ತಿಲಲ್ಲೇ ಇಳಿಸಿದ. ಹಟ್ಟಿಯವರೆಲ್ಲ ಬಂದು ನಿಂತರು. ಗಿರಿಯಮ್ಮ ಚೌಡಿಯನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಮಗುವಿನ ಕೈಗೆ ಇನ್ನೂ ಬಟ್ಟೆ ಸುತ್ತಿತ್ತು.

ಕೆಂಚ ಗುಡ್ಡದಿಂದ ಇಳಿದ. ತುತ್ತು ನಿಂತು ಎಷ್ಟೋ ದಿನವಾಗಿತ್ತು, ಪಕ್ಕೆಲುಬು ಕಾಣುತ್ತಿತ್ತು. ನೇರ ಓಬಕ್ಕನ ಹತ್ತಿರ ಬಂದು ಅಂಗೈ ಮೂಸಲು ಮೂಗು ಚಾಚಿದ.

ಓಬಕ್ಕ ಮೊರ ಬಡಿದಳು. ಜೋರಾಗಿ ಬಡಿದಳು, ಮೊರದ ಬಿದಿರು ಸೀಳುವ ಹಾಗೆ. ಹೆಂಟೆ ಎತ್ತಿ ಅವನ ಕಾಲ ಹತ್ತಿರಕ್ಕೇ ಎಸೆದಳು. ಜೀವಮಾನದಲ್ಲಿ ಆಡದಷ್ಟು ಒರಟಾಗಿ ಕೂಗಿದಳು. ಕೆಂಚ ಕಿವಿ ಮಡಚಿ ಓಡಿದ. ಹೊಲ ದಾಟಿದ. ಬದುವಿನ ಮೇಲೆ ಹತ್ತಿ ನಿಂತ. ಕತ್ತು ತಿರುಗಿಸಿ ನೋಡಿದ.

ಓಬಕ್ಕ ಕೋಲು ಹಿಡಿದ ಕೈಯನ್ನು ಮೇಲೆತ್ತಿದಳು.

"ಅವ್ವ" ಅಂದ ಕೆಂಚ ಬದುವಿನಿಂದ. "ಕೈ ಇಳಿಸಲ್ವಾ?"

ಓಬಕ್ಕನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಒರೆಸಿಕೊಳ್ಳೋಣ ಅಂದರೂ ಕೈ ಇಳಿಸುವ ಹಾಗಿಲ್ಲ.

"ಇಲ್ಲ" ಅಂದಳು.

"ನಾನು ಏನು ಮಾಡಿದೆ?"

"ನೀನು ಏನೂ ಮಾಡಿಲ್ಲ ಕಣಪ್ಪ. ಮಾಡಿದೋಳು ನಾನು. ಹೋಗು. ನೀನು ಬದುಕಬೇಕು."

ಕೆಂಚ ಹೋಗಲಿಲ್ಲ. ನೋಡುತ್ತಲೇ ನಿಂತ. ಹೊತ್ತು ಗುಡ್ಡದ ಹಿಂದೆ ಜಾರಿತು. ಓಬಕ್ಕನ ಭುಜ ಉರಿಯತೊಡಗಿತು, ಬೆರಳು ಜೋಮುಗಟ್ಟಿತು, ಮೊಣಕೈ ಸ್ವಲ್ಪ ಬಾಗಿತು. ಬದುವಿನ ಮೇಲೆ ಕೆಂಚನ ಬಾಲ ಸ್ವಲ್ಪ ಆಡಿತು.

"ಇಳಿಸಬೇಡ, ಓಬಕ್ಕ" ಅಂದರು ಯಾರೋ ಹಿಂದಿನಿಂದ. ಗಿರಿಯಮ್ಮ. ಹೊಗೆ ಹಾಕಿ ಅಂತ ಎಲ್ಲರಿಗಿಂತ ಜೋರಾಗಿ ಹೇಳಬಹುದಾಗಿದ್ದ ಗಿರಿಯಮ್ಮ. ಅವಳ ದನಿಯೂ ಒದ್ದೆಯಾಗಿತ್ತು. "ಅವಕ್ಕೂ ಮರಿಗಳಿವೆ. ಇಳಿಸಬೇಡ."

ಓಬಕ್ಕ ಹಲ್ಲು ಕಚ್ಚಿ ಕೈಯನ್ನು ಮತ್ತೆ ನೆಟ್ಟಗೆ ಮಾಡಿದಳು.

ಕೆಂಚ ಇನ್ನೊಂದಿಷ್ಟು ಹೊತ್ತು ನೋಡಿದ. ಆಮೇಲೆ ಮುಖ ತಿರುಗಿಸಿದ. ಬದುವಿನಿಂದ ಆಚೆಗೆ ಇಳಿದ. ಗುಡ್ಡದ ಬಂಡೆಗಳ ನಡುವೆ ಅವನ ಕೆಂಚು ಮೈ ಒಂದೆರಡು ಸಲ ಕಂಡಿತು, ಮತ್ತೆ ಕಾಣಲಿಲ್ಲ.

ಅವನು ಪೂರ್ತಿ ಮರೆಯಾದ ಮೇಲೆಯೇ ಓಬಕ್ಕ ಕೈ ಇಳಿಸಿದಳು. ಕೈ ಮರಗಟ್ಟಿತ್ತು. ಬೊಮ್ಮಜ್ಜ ಮುಳ್ಳಿನ ಹೊರೆ ಬಿಚ್ಚಿದ. ಅದೇ ಮುಳ್ಳಿನಿಂದ ಹಟ್ಟಿಯವರೆಲ್ಲ ಸೇರಿ ಕೋಳಿಗೂಡುಗಳ ಸುತ್ತ ಬೇಲಿ ಕಟ್ಟಿದರು.

ಗುಡ್ಡದ ಮೇಲೆ ಕೆಂಚನಿಗೆ ಹೊಟ್ಟೆ ಸುಡುತ್ತಿತ್ತು. ಹಳ್ಳದ ಹತ್ತಿರ ಹೋದ. ಏಡಿ ಮೂಗು ಕಚ್ಚಿತು. ಈ ಸಲ ಅವನು ಓಡಲಿಲ್ಲ, ಅದನ್ನು ತಿಂದ. ರಾಗಿ ಹೊಲಕ್ಕೆ ಹೋದ, ಇಲಿ ಹಿಡಿದ, ಮರಿಗಳಿಗೆ ಒಯ್ದ. ಹೊಲಕ್ಕೆ ಉಸಿರು ಬಂತು. ಹಳ್ಳದ ಗೊಣಗಾಟ ನಿಂತಿತು. ಕೆಂಚನ ಮರಿಗಳು ಬೇಸಿಗೆ ಕಂಡವು, ಮಳೆಗಾಲ ಕಂಡವು, ಒಂದೂ ಸಾಯದೆ ದೊಡ್ಡವಾದವು.

ಆಗ ಕೆಂಚನಿಗೆ ಆ ಎತ್ತಿದ ಕೈ ಏನು ಕೊಟ್ಟಿತು ಅಂತ ಅರ್ಥವಾಯಿತು. ಮರಿಗಳನ್ನು ಕೂರಿಸಿಕೊಂಡು ಹೇಳಿದ: "ಮನುಷ್ಯರು ಕಂಡರೆ ಓಡಿ. ಆದರೆ ಸ್ವಲ್ಪ ದೂರ ಹೋಗಿ ನಿಂತು, ಒಂದು ಸಲ ತಿರುಗಿ ನೋಡಿ. ಕೈ ಕೆಳಗಿದ್ದು ಬಾ ಬಾ ಅಂತಿದ್ದರೆ, ಅಲ್ಲಿ ಇರಬೇಡಿ, ಅವರಿಗೆ ನಿಮ್ಮನ್ನ ಕಾಯೋದು ಗೊತ್ತಿಲ್ಲ. ಕೈ ಮೇಲಿದ್ದರೆ ಅವರು ನಮ್ಮವರು. ಧೈರ್ಯವಾಗಿ ಗುಡ್ಡಕ್ಕೆ ಹೋಗಿ ಬದುಕಿ." ಮರಿಗಳು ತಮ್ಮ ಮರಿಗಳಿಗೆ ಹೇಳಿದವು, ಅವು ಅವುಗಳ ಮರಿಗಳಿಗೆ ಹೇಳಿದವು.

ಈಗ ಗುಡ್ಡದ ಬುಡದವರೆಗೂ ಮನೆಗಳು ಬಂದಿವೆ. ಬೀದಿದೀಪ, ಕಾಂಪೌಂಡು, ಕಸದ ಗಾಡಿ ಎಲ್ಲ ಇವೆ. ಆದರೂ ನಿಮ್ಮ ಬಡಾವಣೆಯ ಕೊನೆ ಬೀದಿಯಲ್ಲಿ, ಖಾಲಿ ಸೈಟಿನ ಆಚೆ, ಹೊತ್ತು ಮುಳುಗುವಾಗ ಒಂದು ನರಿ ಕಂಡೀತು. ನಿಮ್ಮನ್ನು ಕಂಡ ಕೂಡಲೇ ಅದು ಓಡುತ್ತದೆ, ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ, ಕತ್ತು ತಿರುಗಿಸಿ ಒಂದು ಸಲ ನೋಡುತ್ತದೆ. ಅದು ಓಬಕ್ಕನ ಕೈಯನ್ನು ಹುಡುಕುತ್ತಿರುತ್ತದೆ ಮಕ್ಕಳೇ. ಬಿಸ್ಕತ್ತು ತೋರಿಸಬೇಡಿ, ಕರೆಯಬೇಡಿ, ನೆಟ್ಟಗೆ ನಿಂತು ನಿಮ್ಮ ಕೈಯನ್ನು ಮೇಲೆತ್ತಿ, ಅದು ಮರೆಯಾಗುವವರೆಗೂ ಇಳಿಸಬೇಡಿ.